ಸಹಾಯ ಬೇಕು: ಕಾಸರಗೋಡಿನಲ್ಲಿ ಕನ್ನಡ ಬಲ್ಲ ವಕೀಲರು ಯಾರಿದ್ದಾರೆ?

ಬಂಧುಗಳೇ, ನನ್ನ ತಮ್ಮ ಪೆರ್ಲದಲ್ಲಿ ರಿಕ್ಷಾ ಓಡಿಸುತ್ತಾನೆ. ಶನಿವಾರ ರಾತ್ರಿ ತಿರುವಿನಲ್ಲಿ ರಿಕ್ಷಾ ತಗಲಿ ಬೈಕ್ ಸವಾರರೊಬ್ಬರ ಕಾಲು ಮುರಿಯಿತು. 108ಕ್ಕೆ ಕರೆ ಮಾಡಿದವನು ಅವನೇ. ಸೇರಿದ ಜನ ಹೊಡೆಯಲು ಬಂದಾಗ ಹೆದರಿ ಹೊರಟವನು ಎರಡು ಗಂಟೆಯೊಳಗೆ ತಾನೇ ಠಾಣೆಗೆ ಹೋದ. ಆದರೂ ಪರಾರಿಯಾದನೆಂದು ಮೊಕದ್ದಮೆ!

ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಗುಂಪಿನ ಆಕ್ರೋಶವನ್ನು ಕಾರಣವೆಂದು ಒಪ್ಪುತ್ತದೆ. ಪೊಲೀಸರಿಗೆ ತಿಳಿಸಲು 24 ಗಂಟೆ ಕೊಡುತ್ತದೆ. ಕರೆಯ ದಾಖಲೆ ಮೊಬೈಲಿನಲ್ಲಿದೆ, ಅಳಿಸಿಲ್ಲ.

ನನ್ನ ನಿದ್ದೆ ಕೆಡಿಸಿರುವುದು ಅವನ ಹೇಳಿಕೆ. ಮಲಯಾಳದಲ್ಲಿ ಬರೆದು, ಓದಿ ಹೇಳದೆ ಸಹಿ ಹಾಕಿಸಿಕೊಂಡಿದ್ದಾರೆ. ಅವನು ಕನ್ನಡ ಶಾಲೆಯಲ್ಲಿ ಕಲಿತವನು. ಕನ್ನಡ ಅನುವಾದ ಕೇಳಬಹುದೇ? ಗಾಯಾಳುವನ್ನು ನೋಡಲು ನಮ್ಮ ಅಮ್ಮ ಹಂಬಲಿಸುತ್ತಿದ್ದಾರೆ. ಹೋದರೆ ಸಾಕ್ಷಿಯ ಮೇಲೆ ಒತ್ತಡ ಎನ್ನುತ್ತಾರೆಯೇ? ತಿಳಿದವರು ದಯವಿಟ್ಟು ಬೇಗ ಹೇಳಿ.