ಅಪ್‌ಡೇಟ್: ರೋಮ್‌ಗೆ ಹೋಗಿ ಬಂದ್ವಿ

ಹೋದ ತಿಂಗಳು ಕೇಳಿದ್ದೆ: ನಾಲ್ವರು ಗೆಳೆಯರು, ರೋಮ್‌ನಲ್ಲಿ ನಾಲ್ಕು ದಿನ, ರೂಮ್ ಬಿಟ್ಟು ತಲೆಗೆ ದಿನಕ್ಕೆ 40 ಯೂರೋ ಸಾಕಾ ಅಂತ. ಸಾಕಾಯ್ತು. ಒಂದು ದಿನ ಬಿಟ್ಟು.

ಆ ದಿನ ತಪ್ಪು ನಮ್ಮದೇ. ಬಸ್ ಟಿಕೆಟ್ ತಗೊಂಡಿದ್ವಿ, ಹತ್ತಿದ ಕೂಡಲೇ ಮಷೀನಿಗೆ ತೂರಿಸಿ ಮುದ್ರೆ ಹಾಕಿಸಲಿಲ್ಲ. ದಂಡ ಬಿತ್ತು. ಎರಡು ದಿನದ ಊಟದ ದುಡ್ಡು ಹೋಯ್ತು, ಬಿಡಿ.

ನೀರಿಗೆ ಮಾತ್ರ ಒಂದು ಪೈಸೆ ಖರ್ಚಿಲ್ಲ. ಬೀದಿ ಬೀದಿಯಲ್ಲಿ ‘ನಾಸೋನೆ’, ಅಂದರೆ ದೊಡ್ಡ ಮೂಗು, ಅನ್ನೋ ಕಬ್ಬಿಣದ ನಲ್ಲಿಗಳಿವೆ. ಮೂಗಿನ ತುದಿ ಬೆರಳಲ್ಲಿ ಮುಚ್ಚಿದರೆ ಮೇಲಿನ ತೂತಿಂದ ನೀರು ಚಿಮ್ಮುತ್ತೆ, ಬಾಯಿ ಕೊಟ್ಟರಾಯ್ತು. ಕಾಫಿಯೂ ನಮ್ಮ ದರ್ಶಿನಿ ಥರ ನಿಂತೇ ಕುಡಿದ್ವಿ. ಕೂತರೆ ರೇಟು ಬೇರೆ.

ತಿಂಗಳ ಮೊದಲ ಭಾನುವಾರ ಕೊಲೋಸಿಯಂ ಫ್ರೀ ಅಂತ ನೀವು ಹೇಳಿದ್ದು ನಿಜ, ಆದರೆ ಆ ಸಾಲು ನೋಡಿ ನಮ್ಮಲ್ಲಿ ಇಬ್ಬರು ವಾಪಸ್ ಬಂದರು. ಪ್ಯಾಂಥಿಯನ್ ಅನ್ನೋ ಹಳೇ ರೋಮನ್ ದೇವಸ್ಥಾನಕ್ಕೆ 2023ರಿಂದ ಟಿಕೆಟ್ ಇದೆ, 5 ಯೂರೋ ಕೊಟ್ಟದ್ದಕ್ಕೆ ಬೇಜಾರಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಹತ್ತಿರದ ಸಾನ್ ಲುಯಿಜಿ ಚರ್ಚ್. ಇಟಲಿಯ ಹಳೇ ಚಿತ್ರಕಾರ ಕರವಾಜ್ಜೊ ಬರೆದ ಸಂತ ಮ್ಯಾಥ್ಯೂವಿನ ಮೂರು ಚಿತ್ರಗಳಿವೆ, ಪ್ರವೇಶ ಉಚಿತ, ಆದರೆ ಪಕ್ಕದ ಡಬ್ಬಿಗೆ ನಾಣ್ಯ ಹಾಕಿದರೇ ದೀಪ ಹತ್ತೋದು. ಬೇರೆ ಯಾರಾದರೂ ಹಾಕಲಿ ಅಂತ ನಾವು ನಾಲ್ವರೂ ಕತ್ತಲಲ್ಲಿ ಕಾದ್ವಿ. ಕೊನೆಗೆ ಒಬ್ಬರು ಅಜ್ಜಿ ಹಾಕಿದರು. ಒಂದು ಚಿತ್ರದಲ್ಲಿ ಮೇಜಿಗೆ ಬಗ್ಗಿ ದುಡ್ಡು ಎಣಿಸುತ್ತಾ ಕೂತವನು ಕಂಡ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.