ಮದ್ವೆ ಆಗಿಲ್ಲ, ಮಗು ಇದೆ: ಅಪ್ಪನ ಹೆಸರು ದಾಖಲೆಗೆ ಸೇರ್ಸೋದು ಹೇಗೆ? ಅನುಭವ ಇದ್ದೋರು ಹೇಳಿ

ನಾನು ಮದ್ದೂರು ಕಡೆಯವ್ನು. ನಾವಿಬ್ರೂ ಮದ್ವೆ ಆಗಿರ್ಲಿಲ್ಲ. ಮಗು ಮೈಸೂರಲ್ಲಿ ಹುಟ್ತು, ಬರ್ತ್ ಸರ್ಟಿಫಿಕೇಟಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ. ಈಗ ಮಗು ತಾಯಿ ಮಗುನ ಕರ್ಕೊಂಡು ಮೈಸೂರಲ್ಲಿ ತನ್ನ ಅಪ್ಪನ ಮನೇಲಿದಾಳೆ, ಅವ್ರು ಮಗು ಮುಖ ನೋಡೋಕೂ ಬಿಡ್ತಿಲ್ಲ. ನಂಗೆ ಏನಾದ್ರೂ ಹಕ್ಕಿದ್ಯಾ? ಡಿಎನ್‌ಎ ಮಾಡ್ಸಿದ್ರೆ ಸಾಕಾ?

ಮೈಸೂರಿಂದ ಒಬ್ರು ಅಕ್ಕ:
ತಮ್ಮಾ, ನನ್ನ ಒಡಹುಟ್ಟಿದ ತಮ್ಮಂದೂ ಇಂಥದ್ದೇ ಕೇಸು, ಅವನ ಜೊತೆ ಫ್ಯಾಮಿಲಿ ಕೋರ್ಟಿಗೆ ಓಡಾಡಿದೀನಿ ಅದಕ್ಕೇ ಬರೀತಿದೀನಿ. ಹಿಂದೂಗಳಾದ್ರೆ 1956ರ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಆಕ್ಟ್ ಪ್ರಕಾರ ಮದ್ವೆ ಇಲ್ದೆ ಹುಟ್ಟಿದ ಮಗುಗೆ ತಾಯೀನೇ ಮೊದಲ ಗಾರ್ಡಿಯನ್, ಅಪ್ಪ ಆಮೇಲೆ. ಹಂಗಂತ ನಿಮಗೆ ಬಾಗ್ಲು ಮುಚ್ಚಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟಲ್ಲಿ ಅರ್ಜಿ ಹಾಕ್ಬೋದು, ಮಗು ಒಳಿತು ಯಾವುದ್ರಲ್ಲಿದೆ ಅಂತಾನೇ ಕೋರ್ಟ್ ನೋಡೋದು. ಮಗು ಎಲ್ಲಿ ವಾಸ ಇದ್ಯೋ ಅಲ್ಲಿನ ಕೋರ್ಟು, ಅಂದ್ರೆ ನೀವು ಮದ್ದೂರಲ್ಲಿದ್ರೂ ಮೈಸೂರಿಗೇ ಬರ್ಬೇಕು.

ನನ್ ಮಾತು ಕೇಳಿ, ಮಗುನೇ ನಂಗೆ ಕೊಡಿ ಅಂತ ಶುರು ಮಾಡ್ಬೇಡಿ, ಅಷ್ಟು ಚಿಕ್ಕ ಕೂಸನ್ನ ತಾಯಿಯಿಂದ ಕಿತ್ಕೊಳೋದು ಸರೀನೂ ಅಲ್ಲ. ನೋಡೋಕೆ ಅವಕಾಶ ಕೊಡಿ ಅಂತ ಕೇಳಿ. ನನ್ ತಮ್ಮನಿಗೆ ಅದೇ ಸಿಕ್ಕಿದ್ದು. ಮೊದಮೊದ್ಲು ಮಗು ಇವನ ಹತ್ರ ಬರ್ದೆ ಅಳ್ತಿತ್ತು, ಅಮ್ಮನ ತೊಡೆ ಮೇಲೇ ಕೂತಿರ್ತಿತ್ತು, ಇವ್ನು ಎದುರಿಗೆ ನೆಲದ ಮೇಲೆ ಕೂತು ಬಿಸ್ಕತ್ ಮುರಿದು ಮುರಿದು ಕೊಟ್ಟು ವಾಪಸ್ ಬರ್ತಿದ್ದ. ಈಗ ಇವನ್ನ ಕಂಡ್ರೆ ಓಡ್ಬರತ್ತೆ.

ಡಿಎನ್‌ಎ ವಿಷ್ಯಕ್ಕೆ ಬಂದ್ರೆ, ಕದ್ದು ಕೂದ್ಲು ತಗೊಂಡ್ಹೋಗಿ ಪ್ರೈವೇಟ್ ಲ್ಯಾಬಲ್ಲಿ ಮಾಡ್ಸೋ ಕೆಲ್ಸ ಖಂಡಿತ ಬೇಡ. ಕೋರ್ಟೂ ಕೇಳಿದ ತಕ್ಷಣ ಟೆಸ್ಟಿಗೆ ಆರ್ಡರ್ ಮಾಡಲ್ಲ, 1993ರಲ್ಲೇ ಸುಪ್ರೀಂ ಕೋರ್ಟ್ ಹಂಗೆ ಹೇಳಿದೆ. ಅವಳು ನೀವೇ ಅಪ್ಪ ಅಂತ ಒಪ್ಕೊಂಡ್ರೆ ಟೆಸ್ಟೇ ಬೇಕಾಗಲ್ಲ. ನಮ್ ಕೇಸಲ್ಲಿ ಕೈ ಹಿಡಿದಿದ್ದು ಬಸುರಿಯರಿಗೆ ಕೊಡೋ ತಾಯಿ ಕಾರ್ಡು! ಗಂಡನ ಹೆಸರಿನ ಜಾಗದಲ್ಲಿ ನರ್ಸಮ್ಮ ಇವನ ಹೆಸರು ಬರ್ದಿದ್ರು, ಸಿಸೇರಿಯನ್ ಫಾರ್ಮಲ್ಲಿ ಇವನದೇ ಸೈನು, ವಕೀಲ್ರು ಮೊದ್ಲು ಅವೆರಡನ್ನೇ ಫೈಲ್ ಮಾಡಿದ್ರು. ನಿಮ್ಮತ್ರ ಅಂಥದ್ದು ಏನಿದ್ರೂ, ವಾಟ್ಸಾಪ್ ಮೆಸೇಜು, ಬಾಡಿಗೆ ಕರಾರು, ಎಲ್ಲಾ ತೆಗೆದಿಡಿ.

ಖರ್ಚಿಗೆ ದುಡ್ಡು ಇವತ್ತಿಂದಾನೇ ಕಳ್ಸಿ, ಕೈಗೆ ಕೊಡ್ಬೇಡಿ, ಅಕೌಂಟಿಗೇ ಹಾಕಿ. ಮದ್ವೆ ಆಗಿರ್ಲಿ ಬಿಡ್ಲಿ ಮಗು ಜೀವನಾಂಶ ಅಪ್ಪನ ಹೊಣೆ, ಸಿಆರ್‌ಪಿಸಿ ಬದ್ಲು ಬಂದಿರೋ ಹೊಸ ಕಾನೂನು ಬಿಎನ್‌ಎಸ್‌ಎಸ್ 144ನೇ ಸೆಕ್ಷನ್ನಲ್ಲೂ ಹಂಗೇ ಇದೆ. ಮಗು ನೋಡೋಕೆ ಬಿಡ್ತಿಲ್ಲ ಅಂತ ದುಡ್ಡು ನಿಲ್ಸಿದ್ರೆ ಕಷ್ಟ ಆಗೋದು ಮಗುಗೆ.

ಸರ್ಟಿಫಿಕೇಟಿಗೆ ಹೆಸರು ಸೇರ್ಸೋದು ಇಬ್ರೂ ಒಟ್ಟಿಗೆ ಹೋಗಿ ಅಫಿಡವಿಟ್ ಕೊಟ್ರೆ ಸಲೀಸು. ಅವಳು ಒಪ್ದಿದ್ರೆ ಕೋರ್ಟ್ ಆರ್ಡರ್ ಹಿಡ್ಕೊಂಡೇ ಹೋಗ್ಬೇಕಾಗತ್ತೆ.

ಇನ್ನೊಬ್ರು, ಮೈಸೂರು:
ನಾನು ಮದ್ವೆ ಆಗ್ದೆ ಮಗು ಸಾಕ್ತಿರೋ ತಾಯಿ. ಅಣ್ಣಾ, ದಯವಿಟ್ಟು ಜನ ಕಟ್ಕೊಂಡು ಅವ್ರ ಮನೆ ಮುಂದೆ ಹೋಗ್ಬೇಡಿ. ನನ್ ಮಗಳ ಅಪ್ಪ ಊರ ಹಿರಿಯರನ್ನ ಕರ್ಕೊಂಡ್ಬಂದು ನ್ಯಾಯ ಮಾಡ್ಸಿದ, ಬೀದಿ ತುಂಬ ಜನ, ಅವತ್ತಿಂದ ನಮ್ಮಪ್ಪ ಅವನ ಹೆಸ್ರೆತ್ತೋಕೂ ಬಿಡಲ್ಲ. ಅದೇ ಒಂದು ಮಾತು ಫೋನ್ ಮಾಡಿ ಮಗು ಹೇಗಿದೆ ಅಂತ ಕೇಳಿದ್ರೆ ನಾನೇ ತೋರಿಸ್ತಿದ್ದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಸ್ ಹಾಕೋಕೆ ಮುಂಚೇನೇ ಇಬ್ರನ್ನೂ ಕೂರ್ಸಿ ಮಾತಾಡಿಸ್ತಾರೆ, ಅಲ್ಲಿಗೆ ಹೋಗಿ.

ಮಂಡ್ಯದಿಂದ:
ಅಕ್ಕ ಹೇಳಿದ್ದೆಲ್ಲಾ ಸರಿ, ಒಂದೆರಡು ಸೇರಿಸ್ತೀನಿ. ಮಗು ಹುಟ್ಟಿದಾಗ ತಾಯಿಗೆ ಬೇರೆಯೋರ ಜೊತೆ ಮದ್ವೆ ಊರ್ಜಿತ ಇದ್ರೆ ಕಥೆನೇ ಬೇರೆ, ಆಗ ಕಾನೂನು ಆ ಗಂಡನ್ನೇ ಅಪ್ಪ ಅನ್ನತ್ತೆ, 2025ರ ಜನವರೀಲೂ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿದಿದೆ. ಆಮೇಲೆ ಆಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೇಲಿ ಇಂಥ ಮಗು ತಾಯಿ ಕಡೆ ಸಂಬಂಧ ಮಾತ್ರ, ನಿಮಗೇನಾದ್ರೂ ಆದ್ರೆ ಅಣ್ಣತಮ್ಮಂದ್ರು ಮಗುಗೆ ಏನೂ ಇಲ್ಲ ಅಂದ್ಬಿಡ್ತಾರೆ. ವರ್ಷಗಟ್ಲೆ ಗಂಡ ಹೆಂಡ್ತಿ ಥರ ಒಟ್ಟಿಗಿದ್ರೆ ಮದ್ವೆ ಆಗಿದೆ ಅಂತ್ಲೇ ಭಾವಿಸ್ಬೋದು ಅಂತ 2022ರಲ್ಲಿ ತೀರ್ಪಿದೆ, ಆದ್ರೆ ಅದನ್ನ ನಂಬ್ಕೊಂಡು ಕೂರ್ಬೇಡಿ. ನಿಮ್ ಸ್ವಂತ ಸಂಪಾದನೆಗೆ ಈಗ್ಲೇ ವಿಲ್ ಮಾಡಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡ್ಸಿ, ಮಗು ಹೆಸರು ಸರ್ಟಿಫಿಕೇಟಲ್ಲಿ ಇರೋ ಹಂಗೇ ಅಕ್ಷರ ತಪ್ಪದೆ ಬರ್ಸಿ.