ಮಗಳಿಗೆ ಆತ್ಮರಕ್ಷಣೆ ಕಲಿಸಬೇಕು, ಎಂಥ ಕ್ಲಾಸಿಗೆ ಸೇರಿಸಲಿ?

ಕೇಳಿದವರು, ದಾವಣಗೆರೆ

ಮಗಳ ಪಿಯುಸಿ ಮುಗೀತು. ಡಿಗ್ರಿಗೆ ಬೆಂಗಳೂರಿಗೆ ಹೋಗ್ತಾಳೆ, ಪಿಜಿಯಲ್ಲಿ ಇರ್ತಾಳೆ. ಅಷ್ಟರೊಳಗೆ ಅವಳಿಗೆ ಆತ್ಮರಕ್ಷಣೆ ಕಲಿಸಬೇಕು ಅಂತಿದೆ. ಹತ್ತಿರದಲ್ಲೇ ಕರಾಟೆ ಕ್ಲಾಸ್ ಇದೆ, ಆದರೆ ವರ್ಷಗಟ್ಟಲೆ ಹೋಗಬೇಕಂತೆ. ಇನ್ನೊಂದು ಕಡೆ ಮಹಿಳೆಯರಿಗೆಂದೇ ಎರಡು ದಿನದ ಶಿಬಿರ. ಯಾವುದು ಒಳ್ಳೆಯದು? ನನಗೂ ಕಲಿಯುವ ಆಸೆ, ಆದರೆ ಮೊಣಕಾಲು ನೋವು. ಅನುಭವ ಇರುವವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಎರಡೂ ಕಲಿತವರು

ಅಕ್ಕ, ನಾನು ಹೈಸ್ಕೂಲಿನಲ್ಲಿ ಕರಾಟೆ ಕಲಿತೆ. ಕೆಲಸಕ್ಕೆ ಸೇರಿದ ಮೇಲೆ ಹೆಣ್ಣುಮಕ್ಕಳಿಗಾಗಿ ನಡೆಸುವ, ಕೆಲವು ವಾರಗಳ ಕ್ಲಾಸಿಗೂ ಹೋದೆ. ಕರಾಟೆಯಿಂದ ಮೈ ಗಟ್ಟಿಯಾಯಿತು, ಪೆಟ್ಟು ಬಿದ್ದರೆ ಗಾಬರಿಯಾಗದಿರುವುದು ರೂಢಿಯಾಯಿತು. ಅದು ಸಣ್ಣ ಲಾಭವಲ್ಲ. ಆದರೆ ಕಟಾ, ಅಂದರೆ ಗೊತ್ತುಮಾಡಿದ ವರಸೆಗಳನ್ನು ಒಬ್ಬರೇ ಮಾಡುವಾಗ ಎದುರಿಗೆ ಯಾರೂ ಇರಲ್ಲ. ಕುಮಿಟೆಯಲ್ಲಿ, ಅಂದರೆ ಇಬ್ಬರು ಎದುರುಬದುರು ಆಡುವಾಗ ಎದುರಾಳಿಗೆ ನಿಯಮ ಇರುತ್ತೆ, ಪಕ್ಕದಲ್ಲಿ ರೆಫ್ರಿ ನಿಂತಿರ್ತಾರೆ. ಹಿಂದಿನಿಂದ ಬಂದು ಬಾಯಿ ಮುಚ್ಚುವವನು, ಜಡೆ ಹಿಡಿದು ಎಳೆಯುವವನು ಅಲ್ಲಿ ಸಿಗಲ್ಲ.

ಎರಡನೇ ಕ್ಲಾಸಿನಲ್ಲಿ ಇವನದೇ ಪಾಠ. ಮಣಿಕಟ್ಟು ಹಿಡಿದರೆ ಸುಮ್ಮನೆ ಹಿಂದಕ್ಕೆ ಜಗ್ಗಿದರೆ ಬಿಡಿಸಿಕೊಳ್ಳೋಕಾಗಲ್ಲ. ಹಿಡಿದವನ ಹೆಬ್ಬೆರಳು ಯಾವ ಕಡೆ ಇದೆಯೋ ಆ ಕಡೆ ಕೈ ತಿರುಗಿಸಿ ಎಳೆಯಬೇಕು, ಹಿಡಿತ ಸಡಿಲ ಇರೋದು ಅಲ್ಲೇ. ಮುಷ್ಟಿ ಕಟ್ಟಿ ಮುಖಕ್ಕೆ ಗುದ್ದಿದರೆ ನಮ್ಮ ಬೆರಳೇ ಮುರಿಯಬಹುದು, ಅದಕ್ಕೆ ಅಂಗೈಯ ಬುಡದಿಂದ ಮೂಗಿಗೋ ಗದ್ದಕ್ಕೋ ಹೊಡೆಯೋದು. ಹಿಂದಿನಿಂದ ತಬ್ಬಿದರೆ ಹಿಮ್ಮಡಿಯಿಂದ ಅವನ ಪಾದ ತುಳಿಯೋದು. ಕೆಳಗೆ ಬಿದ್ದರೆ ಕಾಲು ಅವನ ಕಡೆ ಮಾಡಿ ಒದೆಯುತ್ತಲೇ ಏಳೋದು. ಎದ್ದ ಕೂಡಲೇ ಜನ ಇರುವ ಕಡೆ ಓಡೋದು. ನಿಂತು ಅವನನ್ನು ಸೋಲಿಸುವ ಹಟ ಬೇಡ ಅಂತ ನಮ್ಮ ಮೇಡಂ ದಿನಾ ಹೇಳೋರು.

ಸಮಯ ಕಡಿಮೆ ಇರುವುದರಿಂದ ಶಿಬಿರಕ್ಕೇ ಸೇರಿಸಿ. ಆದರೆ ಅಭ್ಯಾಸ ಬಿಟ್ಟರೆ ಎಲ್ಲ ಮರೆತುಹೋಗುತ್ತೆ. ಊಟ ಆದ ಮೇಲೆ ಅಮ್ಮ ಮಗಳು ಸ್ವಲ್ಪ ಹೊತ್ತು ಕೈ ಬಿಡಿಸಿಕೊಳ್ಳೋದನ್ನು ಮಾಡ್ತಾ ಇರಿ.

ಶಿವಮೊಗ್ಗ ಜಿಲ್ಲೆಯಿಂದ, ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ

ಸಮಗ್ರ ಶಿಕ್ಷಣ ಯೋಜನೆಯಡಿ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಮೂರು ತಿಂಗಳ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಇದೆ. ನಮ್ಮಲ್ಲೂ ನಡೆಯಿತು. ಒದೆಯೋದು, ಗುದ್ದೋದು ಮಕ್ಕಳಿಗೆ ಬೇಗ ಬಂತು. ಬಾರದೇ ಹೋದದ್ದು ಕೂಗು. "ಕೈ ತೆಗಿ", "ದೂರ ನಿಲ್ಲು" ಅಂತ ಗಟ್ಟಿಯಾಗಿ ಹೇಳಿ ಅಂದರೆ ಮುಖ ಮುಚ್ಚಿಕೊಂಡು ನಗೋರು. ಮನೆಯಲ್ಲಿ ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡು ಅನ್ನಿಸಿಕೊಂಡ ಮಕ್ಕಳು ಅವರು. ತರಬೇತಿ ಕೊಡುವವರು ಪ್ರತಿ ಪೆಟ್ಟಿಗೂ ಕೂಗಿಸಿದರು. ಕೊನೆಕೊನೆಗೆ ಆ ದನಿ ಮೈದಾನ ದಾಟಿ ರಸ್ತೆಗೆ ಕೇಳುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಹಾಗಾಗಿ ಕ್ಲಾಸ್ ನೋಡಲು ಹೋದಾಗ ಬಾಯಿಗೂ ಕೆಲಸ ಕೊಡ್ತಾರಾ ನೋಡಿ. ಬರೀ ಟ್ರ್ಯಾಕ್ ಪ್ಯಾಂಟಿನಲ್ಲಿ ಕಲಿಸಿದರೂ ಸಾಲದು. ಚೂಡಿದಾರ, ವೇಲು, ಹೆಗಲಿಗೆ ಬ್ಯಾಗು ಇದ್ದಾಗಲೂ ಮಾಡಿಸಬೇಕು.

ಕೆನಡಾದ ಕ್ಯಾಲ್ಗರಿಯಿಂದ, ಮೂಲ ಮೈಸೂರು

ರಾತ್ರಿ ಬೀದಿಯಲ್ಲಿ ಬರುವ ಅಪರಿಚಿತನನ್ನೇ ನೆನೆಸಿಕೊಂಡು ಹೆಚ್ಚಿನ ಕ್ಲಾಸ್ ನಡೆಯುತ್ತವೆ. ಆದರೆ ದೇಶದ ಅಪರಾಧಗಳ ಲೆಕ್ಕ ಇಡುವ ನಮ್ಮ ಎನ್‌ಸಿಆರ್‌ಬಿ ವರದಿಗಳನ್ನೇ ನೋಡಿ, ಹತ್ತು ಅತ್ಯಾಚಾರ ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಿತನೇ. ಇಲ್ಲಿ ವಿಂಡ್ಸರ್ ವಿಶ್ವವಿದ್ಯಾಲಯದ ಶಾರ್ಲೀನ್ ಸೆನ್ ಅನ್ನುವವರು ವಿದ್ಯಾರ್ಥಿನಿಯರಿಗಾಗಿ 12 ಗಂಟೆಗಳ ಕೋರ್ಸ್ ರೂಪಿಸಿದ್ದಾರೆ. ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ ಹುಡುಗಿಯರ ಮೇಲೆ ಅದನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಕೋರ್ಸಿನ ಗುಂಪಿನಲ್ಲಿ ಶೇ 5.2, ಕರಪತ್ರ ಮಾತ್ರ ಕೊಟ್ಟ ಗುಂಪಿನಲ್ಲಿ ಶೇ 9.8. ಹೊಡೆತ ಆ ಕೋರ್ಸಿನ ಒಂದು ಭಾಗವಷ್ಟೇ. ಗೆಳೆಯ, ಸಹಪಾಠಿ, ಸಂಬಂಧಿಕ ಹೀಗೆ ಬೇಕಾದವರು ಸ್ವಲ್ಪ ಸ್ವಲ್ಪವೇ ಮೇಲೆ ಬೀಳುವುದನ್ನು ಗುರುತಿಸುವುದು, "ಅವನಿಗೆ ಬೇಜಾರಾದೀತು" ಅನ್ನುವ ಸಂಕೋಚ ಮೀರಿ ಅಲ್ಲೇ ತಡೆಯುವುದು ಉಳಿದದ್ದು. ನಿಮ್ಮ ಶಿಬಿರದಲ್ಲಿ ಇದು ಇಲ್ಲದಿದ್ದರೆ ನೀವೇ ಕೂತು ಮಾತಾಡಿ.

ಇನ್ನೊಂದು ವಿಷಯ. ಅಂಥ ಹೊತ್ತಿನಲ್ಲಿ ಮೈ ಮರಗಟ್ಟಿ ದನಿ ಹೊರಡದೇ ಹೋಗಬಹುದು. ಎಷ್ಟು ಕಲಿತವರಿಗೂ ಹಾಗಾಗುತ್ತೆ. "ಕ್ಲಾಸಿಗೆ ಹೋಗಿಯೂ ಯಾಕೆ ಹೊಡೆಯಲಿಲ್ಲ" ಅಂತ ಮಗಳನ್ನು ಯಾವತ್ತೂ ಕೇಳಬೇಡಿ. ಏನಾದರೂ ನನ್ನ ಹತ್ತಿರ ಬಂದು ಹೇಳು ಅಂತ ಈಗಲೇ ಹೇಳಿ ಕಳಿಸಿ.

ಧಾರವಾಡದಿಂದ, ವಕೀಲೆ

ಅಕ್ಕಾರ, ಕಾನೂನೂ ಸ್ವಲ್ಪ ತಿಳಕೊಂಡಿರ್ರಿ. ತನ್ನ ಜೀವ ಉಳಿಸಿಕೊಳ್ಳಾಕ ಹೊಡದ್ರ ಅದು ಅಪರಾಧ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮಿನ ತನಕ ಇದರದ ವಿಷಯ ಐತಿ. ಆದ್ರ ರಕ್ಷಣೆಗೆ ಬೇಕಾದಕ್ಕಿಂತ ಹೆಚ್ಚು ಹಾನಿ ಮಾಡಬಾರದು ಅಂತ 37ನೇ ಕಲಮು ಹೇಳತೈತಿ. ಅಂವ ಬಿದ್ದ ಮ್ಯಾಲೆ ಮತ್ತ ಹೋಗಿ ಹೊಡಿಯೂದು ಬ್ಯಾಡ. ಪೆಪ್ಪರ್ ಸ್ಪ್ರೇ ಇಟ್ಕೋಬಹುದು, ಆದ್ರ ಜೀವಕ್ಕ ಅಪಾಯ ಇಲ್ಲದ ಜಗಳದಾಗ ಬಳಸಿದ ಒಂದು ಪ್ರಕರಣದಾಗ 2024ರಲ್ಲಿ ನಮ್ಮ ಹೈಕೋರ್ಟು ಅದನ್ನ ಅಪಾಯಕಾರಿ ಆಯುಧ ಅಂತ ಕಂಡೈತಿ. ತುರ್ತು ಸಹಾಯದ 112 ನಂಬರ್ ಫೋನಿನಾಗ ಇರಲಿ. ದೂರು ಯಾವ ಠಾಣೆಯಾಗ ಕೊಟ್ಟರೂ ತಗೋಬೇಕು, ಝೀರೋ ಎಫ್‌ಐಆರ್ ಅಂತಾರ.

ಉಡುಪಿಯಿಂದ

ಮೊಣಕಾಲು ನೋವಿಗೆ ಹೆದರಬೇಡಿ, ನನಗೂ ಉಂಟು. ಮೊದಲೇ ಹೇಳಿದ್ದಕ್ಕೆ ಮೇಡಂ ಒದೆತ, ಬೀಳುವುದು ಎರಡೂ ಬಿಡಿಸಿ ಅಂಗೈ, ಮೊಣಕೈ, ಕೂಗು ಇಷ್ಟನ್ನೇ ಚೆನ್ನಾಗಿ ಮಾಡಿಸಿದರು. ಸೇರುವ ಮೊದಲು ಒಂದು ದಿನ ಕೂತು ನೋಡಲು ಬಿಡಿ ಅಂತ ಕೇಳಿ. ಬಿಡುವುದಿಲ್ಲ ಎಂದರೆ ಅಲ್ಲಿಗೆ ಬೇಡ. ಕಲಿಸುವವರು ಮೈ ಮುಟ್ಟುವ ಮೊದಲು ಹುಡುಗಿಯನ್ನು ಕೇಳುತ್ತಾರಾ ಎಂಬುದನ್ನೂ ಗಮನಿಸಿ. ನಾನು ಮೊದಲು ನೋಡಿದ ಒಂದು ಕಡೆ ಮಾಸ್ಟರ್ ಕೇಳದೆ ಮುಟ್ಟಿ ತಿದ್ದುತ್ತಿದ್ದರು, ಹುಡುಗಿಯರು ಸುಮ್ಮನೆ ನಿಂತಿದ್ದರು. ಬೇಡ ಎನ್ನಲು ಕಲಿಸಬೇಕಾದ ಜಾಗದಲ್ಲೇ ಹೀಗಾದರೆ ಹೇಗೆ? ಅಲ್ಲಿಂದಲೇ ಎದ್ದು ಬಂದು ಬೇರೆ ಕಡೆ ಹುಡುಕಿದೆ.